ಹದಿಮೂರು ದಿನ ಮತ್ತು ಎಂಬತ್ತೈದು ವರ್ಷ

ಪ್ರೀತಿಯ ತಮ್ಮಾ,

ನಿನ್ನ ಅಜ್ಜನ ಬಗ್ಗೆ ನೀನು ಬರೆದ ಲೇಖನವನ್ನು ಎರಡು ಸಲ ಓದಿದೆ. ಅವರು ಹೋಗಿ ಇನ್ನೂ ಎರಡು ತಿಂಗಳಾಗಿಲ್ಲ. ಇಷ್ಟು ಬೇಗ ಕೂತು ಬರೆದೆಯಲ್ಲ, ಅದು ಸಣ್ಣ ಕೆಲಸವಲ್ಲ.

ಆದರೆ ಆರು ಪುಟದಲ್ಲಿ ನಾಲ್ಕು ಪುಟ ಬರೀ 1971ರ ಯುದ್ಧ. ಅದು ಡಿಸೆಂಬರ್ 3ಕ್ಕೆ ಶುರುವಾಯಿತು, 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. 13 ದಿನ. ಅಜ್ಜ ಬದುಕಿದ್ದು 85 ವರ್ಷ. 19ಕ್ಕೆ ಮಿಲಿಟರಿಗೆ ಸೇರಿದರು, 15 ವರ್ಷ ಸರ್ವಿಸ್ ಮುಗಿಸಿ ಪೆನ್ಷನ್ ಮೇಲೆ ಬಂದರು. ಜವಾನರಿಗೆ ಪೆನ್ಷನ್ ಸಿಗಬೇಕಾದರೆ ಅಷ್ಟು ವರ್ಷ ಬೇಕು. ಅಂದರೆ 34ಕ್ಕೇ ಮಾಜಿ ಸೈನಿಕ. ಆಮೇಲೆ 51 ವರ್ಷ ಹೊಲ, ಮನೆ, ಮಕ್ಕಳು, ಮೊಮ್ಮಕ್ಕಳು. ಅಷ್ಟಕ್ಕೂ ನಿನ್ನಲ್ಲಿ ಇರುವುದು ಒಂದೇ ಸಾಲು: 'ಆದರ್ಶ ಕೃಷಿಕರಾಗಿ, ಕುಟುಂಬವತ್ಸಲರಾಗಿ ತುಂಬು ಜೀವನ ನಡೆಸಿದರು.' ಇದನ್ನು ಯಾರ ಅಜ್ಜನ ಫೋಟೊ ಕೆಳಗೆ ಬೇಕಾದರೂ ಹಾಕಬಹುದು, ಅಲ್ವಾ?

ಯುದ್ಧವನ್ನು ತೆಗೆದುಹಾಕು ಅನ್ನುತ್ತಿಲ್ಲ. ಪಶ್ಚಿಮ ಗಡಿಯಲ್ಲಿ ನಡೆದ ಬಸಂತರ್ ನದಿಯ ಕಾಳಗ, ಪರಮವೀರ ಚಕ್ರ ಪಡೆದ ಅರುಣ್ ಖೇತರ್‌ಪಾಲ್ ಅವರ ಟ್ಯಾಂಕು, ಎಲ್ಲ ದೊಡ್ಡ ಕಥೆಯೇ. ಆದರೆ ಅದನ್ನು ಬಹಳ ಜನ ಬರೆದಿದ್ದಾರೆ. ನಿನ್ನ ಅಜ್ಜ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನವರು. ಆ ಟ್ಯಾಂಕುಗಳಿಗೆ ದಾರಿ ಮಾಡಲು ಕತ್ತಲಲ್ಲಿ ಮೈನ್, ಅಂದರೆ ನೆಲದಲ್ಲಿ ಹೂತಿಟ್ಟ ಬಾಂಬು, ತೆಗೆಯುತ್ತಿದ್ದವರು ಸ್ಯಾಪರ್‌ಗಳು. ನಿನಗೆ ಬೇಕಾದ್ದು ಅಷ್ಟು.

ಐದನೇ ಪುಟದಲ್ಲಿ ಸುಮ್ನೆ ಬಂದು ಹೋಗುವ ಒಂದು ಮಾತಿದೆ. ಗೆಣಸು ಕೀಳುವಾಗ ಅಜ್ಜ ಗುದ್ದಲಿ ಹಾಕುತ್ತಿರಲಿಲ್ಲ. ಮೊಣಕಾಲೂರಿ ಕೂತು ಸಣ್ಣ ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಇಳಿಸುತ್ತಿದ್ದರು. ಏನಾದರೂ ತಗುಲಿದ ಕೂಡಲೇ ನಿಲ್ಲಿಸಿ, ಸುತ್ತಲಿನ ಮಣ್ಣನ್ನು ಬೆರಳಿನಿಂದ ಬಿಡಿಸುತ್ತಿದ್ದರು. ತಮ್ಮಾ, ಮೈನನ್ನು ಕೈಯಿಂದ ಹುಡುಕುವುದೂ ಹೀಗೆಯೇ! ನೆಟ್ಟಗೆ ಚುಚ್ಚಿದರೆ ಅದರ ತಲೆಯ ಮೇಲೆ ಭಾರ ಬೀಳುತ್ತದೆ. ಓರೆಯಾಗಿ ಚುಚ್ಚಿದರೆ ಪಕ್ಕಕ್ಕೆ ತಗಲುತ್ತದೆ. ಅಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಆದರೆ ಅವಸರ ಪಡಬೇಡ. 'ಯುದ್ಧ ಕೊನೆಯವರೆಗೂ ಅವರನ್ನು ಬಿಡಲಿಲ್ಲ' ಅಂತ ಬರೆಯುವ ಆಸೆ ಬರುತ್ತದೆ. ಅಜ್ಜನ ತಂಗಿ ಇನ್ನೂ ಇದ್ದಾರಲ್ಲ, ಮೊದಲು ಅವರನ್ನು ಕೇಳು. ಮಿಲಿಟರಿಗೆ ಹೋಗುವ ಮುಂಚೆಯೂ ಅಜ್ಜ ಹೀಗೇ ಕೀಳುತ್ತಿದ್ದರಾ? ಅವರ ಅಪ್ಪನೂ ಹೀಗೇ ಮಾಡುತ್ತಿದ್ದರಾ? ಹಾಗಿದ್ದರೆ ಹೊಲದಲ್ಲಿ ಪಳಗಿದ ಕೈಯೇ ಅಲ್ಲಿ ಮೈನ್ ತೆಗೆಯಲು ಹೋಗಿತ್ತು. ನನಗೇನೋ ಅದು ಇನ್ನೂ ಒಳ್ಳೆಯ ಕಥೆ. ಎರಡೂ ಗೊತ್ತಾಗದಿದ್ದರೆ ಗೆಣಸು ಕಿತ್ತದ್ದನ್ನಷ್ಟೇ ಬರೆ.

ಇನ್ನು ಅಜ್ಜಿ. ಲೇಖನದಲ್ಲಿ ಅವರೆಲ್ಲಿ? ಗಂಡನಿಗೆ ಕಾಗದ ಬರೆಯುವಾಗ ವಿಳಾಸದಲ್ಲಿ ನಂಬರು, ರ‍್ಯಾಂಕು, ಹೆಸರು, ಯೂನಿಟ್, ಕೊನೆಗೆ '56 ಎಪಿಒ', ಅಂದರೆ ಸೇನೆಯ ಅಂಚೆ ಕಚೇರಿ. ಊರಿನ ಹೆಸರೇ ಇರುವುದಿಲ್ಲ. ಆ ಡಿಸೆಂಬರಿನಲ್ಲಿ ಅಜ್ಜಿ ಯಾವ ಜಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ಕಾದರು? ಹೊಲ ಯಾರು ನೋಡಿಕೊಂಡರು? ರಜೆಗೆ ಬಂದ ಅಪ್ಪನ ಗುರುತು ಸಿಗದೆ ನಿನ್ನ ದೊಡ್ಡಪ್ಪ ಬಾಗಿಲ ಹಿಂದೆ ಅಡಗಿದ್ದನ್ನು ನೀನೇ ಒಮ್ಮೆ ಹೇಳಿದ್ದೆ. ಅದನ್ನೇಕೆ ಬಿಟ್ಟೆ? ವರ್ಷಕ್ಕೆ ಎರಡು ತಿಂಗಳ ರಜೆಯಲ್ಲಿ ಮಕ್ಕಳನ್ನು ಮತ್ತೆ ಮತ್ತೆ ಪರಿಚಯ ಮಾಡಿಕೊಳ್ಳಬೇಕಾದ ಅಪ್ಪ ಅವರು. 'ಕುಟುಂಬವತ್ಸಲ' ಅನ್ನುವ ಪದಕ್ಕಿಂತ ಆ ಬಾಗಿಲು ಜಾಸ್ತಿ ಹೇಳುತ್ತದೆ. ಅಜ್ಜನ ಸಿಟ್ಟನ್ನೂ ಬರೆ. ಅವರನ್ನು ಪ್ರೀತಿಸಿದವರಿಗೆಲ್ಲ ಅದು ಗೊತ್ತಿತ್ತು.

ನಾನೂ ಈ ತಪ್ಪು ಮಾಡಿದವನು. ನಮ್ಮ ದೊಡ್ಡಪ್ಪ 1965ರ ಯುದ್ಧ ಕಂಡವರು. ಅವರು ತೀರಿಕೊಂಡಾಗ ದೊಡ್ಡದಾಗಿ ಬರೆದು ದೊಡ್ಡಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಬಾವಿ ತೋಡಿಸಿದ್ದು ಬರೀಲಿಲ್ವಾ?" ಅಂದರು. ರಿಟೈರಾದಾಗ ಕೈಗೆ ಬಂದ ದುಡ್ಡನ್ನೆಲ್ಲ ದೊಡ್ಡಪ್ಪ ಆ ಬಾವಿಗೆ ಸುರಿದಿದ್ದರಂತೆ. ಬಂಡೆ ಸಿಕ್ಕಿತು, ಸಾಲವಾಯಿತು, ಮನೆಯಲ್ಲಿ ಮಾತು ನಿಂತಿತು. ಎರಡನೇ ಬೇಸಿಗೆಗೆ ನೀರು ಬಂತು. ಆ ನೀರಿನಲ್ಲೇ ನಾವೆಲ್ಲ ಬೆಳೆದದ್ದು, ನನಗೇ ಗೊತ್ತಿರಲಿಲ್ಲ.

ಡಿಸ್ಚಾರ್ಜ್ ಬುಕ್ ಟ್ರಂಕಿನಲ್ಲಿರಬೇಕು, ಹುಡುಕು. ಸೇರಿದ ತಾರೀಖು, ಬಿಟ್ಟ ತಾರೀಖು ಅದರಲ್ಲಿರುತ್ತದೆ. ಪದಕ ಸಿಕ್ಕರೆ ಅಂಚನ್ನು ತಿರುಗಿಸಿ ನೋಡು, ಅಜ್ಜನ ನಂಬರು, ಹೆಸರು ಅಲ್ಲಿರುತ್ತದೆ. ಆ ಸಲಾಕೆ ಇನ್ನೂ ಕೊಟ್ಟಿಗೆಯಲ್ಲಿದೆಯಾ? ಇದ್ದರೆ ಎಷ್ಟು ಉದ್ದ, ಹಿಡಿ ಎಲ್ಲಿ ಸವೆದಿದೆ, ನೋಡಿ ನನಗೆ ಬರೆ.

ಪ್ರೀತಿಯಿಂದ,
ಅಣ್ಣ