ಅದಕ್ಕೆ ಎಲ್ಲಾ ಗೊತ್ತಾಗುವುದಿಲ್ಲ ಮಗಳೇ

ಪ್ರೀತಿಯ ಮಗಳಿಗೆ ಕಲಬುರಗಿಯಿಂದ ಕಾಕಾನ ಆಶೀರ್ವಾದ.

ಮನೆ ಸುದ್ದಿ ನಿಮ್ಮವ್ವ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ನಿನ್ನ ಪತ್ರದ ಒಂದು ಮಾತಿಗೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. "ಯಾವ ಔಷಧಿ ಹಾಕಿದರೂ ಬ್ಯಾಕ್ಟೀರಿಯಾಗೆ ಗೊತ್ತಾಗಿಬಿಡುತ್ತೆ ಕಾಕಾ, ಇನ್ನು ಇದನ್ನ ಓದಿ ಏನು ಮಾಡಲಿ" ಅಂತ ಬರೆದಿದ್ದೀಯ.

ಹೆದರಿಕೆಗೆ ಕಾರಣ ಇಲ್ಲ ಅನ್ನುವುದಿಲ್ಲ. ಎಂಟರೋಕಾಕಸ್ ಅನ್ನುವ ಬ್ಯಾಕ್ಟೀರಿಯಾದ್ದೇ ತಗೋ. ವ್ಯಾಂಕೋಮೈಸಿನ್ ಅನ್ನುವ ಔಷಧಿ ಅದರ ಒಳಗೆ ಹೋಗುವುದೇ ಇಲ್ಲ, ಹೊರಗೆ ಗೋಡೆ ಕಟ್ಟುವ ಕೆಲಸ ನಿಲ್ಲಿಸುತ್ತದೆ ಅಷ್ಟೇ. ಆದರೂ ಸುದ್ದಿ ಒಳಗೆ ಮುಟ್ಟುತ್ತದೆ. ಪೊರೆಯಲ್ಲಿ ಕೂತಿರುವ ವ್ಯಾನ್‌ಎಸ್ ಪ್ರೋಟೀನು ಹೊರಗಿನ ಬದಲಾವಣೆ ಗುರುತಿಸಿ, ಒಳಬದಿಯಲ್ಲಿರುವ ತನ್ನ ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲದ ಮೇಲೆ, ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿಯಿಂದ ಒಂದು ಫಾಸ್ಫೇಟ್ ತಗೊಂಡು ಅದನ್ನು ವ್ಯಾನ್‌ಆರ್ ಅನ್ನುವ ಜೊತೆಗಾರ ಪ್ರೋಟೀನಿಗೆ ದಾಟಿಸುತ್ತದೆ, ವ್ಯಾನ್‌ಆರ್ ಹೋಗಿ ಡಿಎನ್‌ಎ ಹಿಡಿದು ಔಷಧಿ ತಡೆಯುವ ಜೀನ್‌ಗಳನ್ನು ಎಬ್ಬಿಸುತ್ತದೆ. ಆಮೇಲೆ ಗೋಡೆಯ ಇಟ್ಟಿಗೆಗಳಲ್ಲಿ ಔಷಧಿ ಹಿಡಿಯುವ ತುದಿಯಲ್ಲಿ ಅಲನಿನ್ ಬದಲು ಲ್ಯಾಕ್ಟೇಟ್ ಬರುತ್ತದೆ. ಔಷಧಿಯ ಹಿಡಿತ ಸುಮಾರು 1000 ಪಟ್ಟು ಸಡಿಲ.

ನಾನು ಆಸ್ಪತ್ರೆ ಲ್ಯಾಬಿನಲ್ಲಿದ್ದಾಗ ಇದನ್ನು ಕಣ್ಣಾರೆ ನೋಡಿದ್ದೇನೆ. ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟಿನಲ್ಲಿ ಔಷಧಿ ಕೆಲಸ ಮಾಡಿದರೆ ಔಷಧಿ ಡಿಸ್ಕಿನ ಸುತ್ತ ಖಾಲಿ ಉಂಗುರ ಬರಬೇಕು, ಅದನ್ನು ಸ್ಕೇಲ್ ಇಟ್ಟು ಅಳೆಯುತ್ತಿದ್ದೆವು. ಒಂದು ದಿನ ಒಂದು ಪ್ಲೇಟಿನಲ್ಲಿ ಉಂಗುರವೇ ಇಲ್ಲ, ಡಿಸ್ಕಿನ ಅಂಚಿನ ತನಕ ತೆಳು ಬೂದು ಪದರ. ರಿಜಿಸ್ಟರಿನಲ್ಲಿ "ಆರ್", ಅಂದರೆ ಔಷಧಿಗೆ ಬಗ್ಗುವುದಿಲ್ಲ, ಅಂತ ಬರೆದು ಮುಂದಿನ ಪ್ಲೇಟು ತೆಗೆದೆ. ಯಾಕೆ ಹೀಗೆ ಅಂತ ಕೇಳಲು ಅಲ್ಲಿ ಯಾರೂ ಇರಲಿಲ್ಲ. ಮುಂದೆ ಓದುವ ಆಸೆ ಇತ್ತು, ಆದರೆ ತೊಗರಿ ಕೈಕೊಟ್ಟ ವರ್ಷ ಅದು, ಸಂಬಳ ಬಿಡುವ ಹಾಗಿರಲಿಲ್ಲ. ಇವತ್ತಿಗೂ ಚುಚ್ಚುತ್ತದೆ.

ಮತ್ತೆ ಅದೇ ಮಾತಿಗೆ ಬರುತ್ತೇನೆ. "ಯಾವ ಔಷಧಿ ಹಾಕಿದರೂ" ಅಂದೆಯಲ್ಲ, ಅದು ನಿಜವಲ್ಲ. ಎಂಟರೋಕಾಕಸ್‌ನದೇ ವ್ಯಾನ್‌ಬಿ ಅನ್ನುವ ತಳಿ ನೋಡು. ವ್ಯಾಂಕೋಮೈಸಿನ್ ಬಂದರೆ ಅದರ ವ್ಯಾನ್‌ಎಸ್ ಪ್ರೋಟೀನು ಎಚ್ಚರವಾಗುತ್ತದೆ, ಟೈಕೋಪ್ಲಾನಿನ್ ಬಂದರೆ ಇಲ್ಲ. ಎರಡೂ ಒಂದೇ ಜಾತಿಯ ಔಷಧಿ, ಹಿಡಿಯುವ ಜಾಗವೂ ಒಂದೇ. ತಡೆಯುವ ಜೀನ್‌ಗಳು ಒಳಗಿದ್ದೂ ಸುಮ್ನೆ ಇರುತ್ತವೆ! ಮುಂದೆ ಆ ಪ್ರೋಟೀನು ಬದಲಾಗಿ ಟೈಕೋಪ್ಲಾನಿನ್ನಿಗೂ ಏಳಬಹುದು, ಅದೂ ನಿಜ. ಆದರೆ ಅದಕ್ಕೆ ಎಲ್ಲಾ ಗೊತ್ತಾಗುತ್ತದೆ ಅನ್ನುವುದು ಬೇರೆ, ಗೊತ್ತಾಗುವುದು ಹೇಗೆ ಅಂತ ನಮಗೆ ತಿಳಿದಿರುವುದು ಬೇರೆ, ಅಲ್ವಾ? ವ್ಯಾನ್‌ಎಸ್, ವ್ಯಾನ್‌ಆರ್‌ನಂಥ ಜೋಡಿ ಪ್ರೋಟೀನು ನಮ್ಮ ಮೈಯ ಜೀವಕೋಶಗಳಲ್ಲಿ ಇಲ್ಲ, ಹಾಗಾಗಿ ಅದನ್ನೇ ತಡೆಯುವ ಔಷಧಿ ಹುಡುಕುತ್ತಿದ್ದಾರೆ.

ನಿನಗೆ ಬುದ್ಧಿ ಹೇಳುವಷ್ಟು ಓದಿದವನಲ್ಲ ನಾನು. ಆದರೂ ಈ ಹೆದರಿಕೆಯನ್ನು ನಿಮ್ಮ ಗೈಡ್ ಹತ್ತಿರ ಒಮ್ಮೆ ಹೇಳು. ರಾತ್ರಿ ಜಾಸ್ತಿ ಹೊತ್ತು ಒಬ್ಬಳೇ ಕೂತು ಓದಬೇಡ. ಲ್ಯಾಬಿನಲ್ಲಿ ವ್ಯಾನ್‌ಬಿ ತಳಿ ಇದ್ದರೆ, ಅವರನ್ನು ಕೇಳಿ ಎರಡೂ ಡಿಸ್ಕ್ ಒಂದೇ ಪ್ಲೇಟಿನಲ್ಲಿ ಇಟ್ಟು ನೋಡು, ಏನು ಬಂತು ಅಂತ ನನಗೆ ಬರಿ.

ನಿನ್ನ ಕಾಕಾ