ವಾಲ್ವ್ ಮಾಡ್ಯೂಲ್: ಬೆಸುಗೆಗೆ ಕೂರುವ ಮುಂಚೆ ಓದಿ

ಗೆಳೆಯರೇ, ಬಿಡಿ ಮಾಡ್ಯೂಲ್ ಜೋಡಿಸಿ ಕಟ್ಟುವ ಸಿಂಥಸೈಜರ್ ಆದ ಯೂರೋರ್ಯಾಕ್‌ಗೆ ವಾಲ್ವ್ (ಹಳೇ ರೇಡಿಯೋದಲ್ಲಿರುತ್ತಿದ್ದಂಥ ಗಾಜಿನ ನಿರ್ವಾತ ನಳಿಕೆ) ಮಾಡ್ಯೂಲ್ ಕಟ್ಟುವವರು ಮೊದಲು ನಿಮ್ಮ ಪವರ್ ಸಪ್ಲೈ ನೋಡಿಕೊಳ್ಳಿ. 12ಎಯು7 ಅನ್ನೋ ವಾಲ್ವಿನ ಹೀಟರೊಂದೇ (ಒಳಗೆ ಕಾಯುವ ತಂತಿ) +12 ವೋಲ್ಟ್ ಲೈನಿನಿಂದ ಸುಮಾರು 150 ಮಿಲಿಆಂಪ್ ಎಳೆಯುತ್ತದೆ. ಆನ್ ಮಾಡಿದ ಕ್ಷಣ ಇನ್ನೂ ಜಾಸ್ತಿ. ಹೀಟರ್ ವೈರು 4 ಮತ್ತು 5ನೇ ಪಿನ್ನಿಗೆ, 9ನೇದು ಖಾಲಿ.

ಪ್ಲೇಟಿಗೆ (ಎಲೆಕ್ಟ್ರಾನ್ ಸೆಳೆಯುವ ತುದಿ) +12, ಕ್ಯಾಥೋಡ್ (ಎಲೆಕ್ಟ್ರಾನ್ ಬಿಡುವ ತುದಿ) ಕಡೆಗೆ -12 ಕೊಟ್ಟರೂ ಸಿಗುವುದು ಬರೀ 24 ವೋಲ್ಟ್. ನೂರಾರು ವೋಲ್ಟ್ ಉಂಡು ಬೆಳೆದ ವಾಲ್ವಿಗೆ ಇದು ಉಪವಾಸವೇ. ನಮಗೆ ಬೇಕಾದ ಒರಟು ದನಿ ಬರುವುದೂ ಆ ಹಸಿವಿನಿಂದಲೇ ಅಲ್ವಾ! ಹೀಗೆ ಜೋಡಿಸಿದರೆ ಇನ್‌ಪುಟ್, ಔಟ್‌ಪುಟ್ ಎರಡಕ್ಕೂ ಡಿಸಿ ವೋಲ್ಟೇಜ್ ತಡೆಯುವ ಕೆಪಾಸಿಟರ್ ಬೇಕೇ ಬೇಕು.

ಪವರ್ ತರುವ ರಿಬ್ಬನ್ ಕೇಬಲ್ಲಿನ ಕೆಂಪು ಗೆರೆ -12 ಕಡೆಗಿರಲಿ. ಒಮ್ಮೆ ಉಲ್ಟಾ ಹಾಕಿ ಎರಡು ಐಸಿ ಸುಟ್ಟುಕೊಂಡವನು ಹೇಳುತ್ತಿದ್ದೇನೆ.