ಹೂಳಿಲ್ಲದ ಊರಿನಿಂದ

ನ್ಯೂ ಆರ್ಲಿಯನ್ಸ್, ಅಮೆರಿಕ
ಡಿಸೆಂಬರ್ 9

ಪ್ರೀತಿಯ ಅಪ್ಪ, ಅವ್ವ,

ಮೊಣಕಾಲುದ್ದ ಕೆಸರಲ್ಲಿ ನಿಂತಿರುವ ನನ್ನ ಫೋಟೊ ನೋಡಿ ಅವ್ವ ಫೋನಿನಲ್ಲಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ಕೆಸರು ತುಳಿಯಾಕ ಅಷ್ಟು ದೂರ ಹೋಗಬೇಕಿತ್ತೇನು?" ಉತ್ತರ ಹೇಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಇಲ್ಲಿ ರಾತ್ರಿ ಎಂಟಾದರೆ ಅಲ್ಲಿ ಬೆಳಿಗ್ಗೆ ಏಳೂವರೆ. ನೀವು ಹೊಲಕ್ಕೆ ಹೊರಡೋ ಹೊತ್ತು, ನಾನು ಕಣ್ಣು ಮುಚ್ಚೋ ಹೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ತಮ್ಮನಿಗೆ ಕಳಿಸುತ್ತೇನೆ, ಓದಿ ಹೇಳುತ್ತಾನೆ. ಮಧ್ಯೆ ಮಧ್ಯೆ ತನ್ನದೂ ಸೇರಿಸಿದರೆ ನಂಬಬೇಡಿ.

ನಾನು ಬಂದಿದ್ದು ಕೆಸರಿಗಲ್ಲ. ಊರುಗಳ ಮಳೆನೀರು, ಚರಂಡಿ, ಪ್ರವಾಹದ ಬಗ್ಗೆ ಇಂಜಿನಿಯರುಗಳ ಸಮ್ಮೇಳನ. ನನ್ನ ಭಾಷಣ ಹದಿನೈದು ನಿಮಿಷ. ಕೇಳಿದವರು ಇಪ್ಪತ್ತು ಮಂದಿ, ಅದರಲ್ಲಿ ಇಬ್ಬರು ನಿದ್ದೆ ಮಾಡಿದರು. ಚೆನ್ನಾಗಾಯಿತು ಅನ್ನಿ. ಆ ಕಥೆ ಅಷ್ಟೇ.

ಸಮ್ಮೇಳನ ಶುರುವಾಗುವ ಹಿಂದಿನ ದಿನ ಒಂದು ಶ್ರಮದಾನ ಇತ್ತು, ಬೇಕಾದವರು ಹೆಸರು ಕೊಡಬಹುದು ಅಂದಿದ್ದರು. ಹೋಟೆಲ್ ರೂಮಲ್ಲಿ ಸುಮ್ನೆ ಕೂತು ಏನು ಮಾಡೋದು ಅಂತ ಕೊಟ್ಟೆ. ಸುಮಾರು ನಲವತ್ತು ಜನ ಒಂದು ಬಸ್ಸಲ್ಲಿ ಹೋದೆವು. ನಾಲ್ಕು ಗಿಡ ನೆಡೋಕೆ ಇಷ್ಟು ಜನ ವಿಮಾನದ ಹೊಗೆ ಬಿಟ್ಟುಕೊಂಡು ಬಂದಿದ್ದೇವಲ್ಲ ಅನ್ನಿಸಿ ನಗು ಬಂತು. ಕೆಲವರಂತೂ ಇಳಿದ ಕೂಡಲೇ ಸನಿಕೆ ಹಿಡಿದು ಫೋಟೊ ತೆಗೆಸಿಕೊಂಡು, ಆಮೇಲೆ ಬಸ್ಸಿನ ನೆರಳಿಗೇ ಹೋದರು. ಎಲ್ಲ ಕಡೆ ಇರುವವರೇ ಬಿಡಿ.

ಈ ಊರಿನ ಕಥೆ ಮೊದಲು ಹೇಳಬೇಕು. ಅರ್ಧದಷ್ಟು ಊರು ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಮಿಸಿಸಿಪ್ಪಿ ನದಿ ನೋಡಬೇಕೆಂದರೆ ಮೆಟ್ಟಿಲು ಹತ್ತಿ ಒಡ್ಡಿನ ಮೇಲೆ ಹೋಗಬೇಕು. ಹತ್ತಿದರೆ ನದಿ ಮೇಲೆ, ಊರು ಕೆಳಗೆ! ಮಳೆ ಬಂದರೆ ನೀರು ತಾನಾಗಿ ಹರಿದು ಹೋಗುವುದಿಲ್ಲ, ಪಂಪ್ ಹಚ್ಚಿ ಹೊರಗೆ ಹಾಕಬೇಕು. 2005ರ ಆಗಸ್ಟ್ 29ಕ್ಕೆ ಕತ್ರಿನಾ ಚಂಡಮಾರುತ ಬಂದಾಗ ತಡೆಗೋಡೆಗಳು ಒಡೆದು ಊರಿನ ಶೇ 80 ಭಾಗ ಮುಳುಗಿತ್ತು. ನಮ್ಮ ಸಮ್ಮೇಳನ ನಡೆದ ದೊಡ್ಡ ಸಭಾಂಗಣದಲ್ಲೇ ಆಗ ಸಾವಿರಾರು ಜನ ಅನ್ನ ನೀರಿಲ್ಲದೆ ದಿನಗಟ್ಟಲೆ ಕೂತಿದ್ದರಂತೆ. ನಾವು ಅಲ್ಲೇ ಎಸಿಯಲ್ಲಿ ಕೂತು ಕಾಫಿ ಕುಡಿದೆವು.

ಅಪ್ಪ, ಇನ್ನು ಮುಂದಿನದು ನಿಮಗೆ. ಈ ಇಡೀ ನೆಲ ಹೂಳಿನಿಂದ ಆದದ್ದು. ಸಾವಿರಾರು ವರ್ಷ ನದಿ ಪ್ರತಿ ಪ್ರವಾಹಕ್ಕೂ ದಂಡೆ ದಾಟಿ ಮಣ್ಣು ಹರವಿತು, ಅದೇ ನೆಲವಾಯಿತು. 1927ರ ದೊಡ್ಡ ಪ್ರವಾಹದ ನಂತರ ನದಿಗೆ ಎರಡೂ ಕಡೆ ಗಟ್ಟಿ ಒಡ್ಡು ಹಾಕಿದರು. ಮೇಲೆ ಉಪನದಿಗಳಿಗೆ ಡ್ಯಾಮ್ ಕಟ್ಟಿದರು. ಅರ್ಧ ಹೂಳು ಡ್ಯಾಮಿನ ಹಿಂದೆ ಉಳಿಯಿತು, ಉಳಿದದ್ದು ಒಡ್ಡಿನ ನಡುವೆ ನೇರ ಸಮುದ್ರಕ್ಕೆ ಹೋಯಿತು. ಹೂಳು ಸಿಗದ ನೆಲ ಕುಸಿಯುತ್ತಾ ಬಂತು. ತೈಲ ಕಂಪನಿಗಳು ತೋಡಿದ ಕಾಲುವೆಗಳಿಂದ ಉಪ್ಪುನೀರು ಒಳಗೆ ನುಗ್ಗಿತು. 1932ರಿಂದ ಈಚೆಗೆ ಈ ಕರಾವಳಿಯಲ್ಲಿ ಸುಮಾರು 4,800 ಚದರ ಕಿಲೋಮೀಟರ್ ನೆಲ ನೀರಾಗಿದೆ. ನಮ್ಮ ಕೊಪ್ಪಳ ಜಿಲ್ಲೆಯ ಹೆಚ್ಚಿನ ಪಾಲು ಇಲ್ಲವೇ ಇಲ್ಲ ಅಂದುಕೊಳ್ಳಿ.

ನಮಗೆ ಹೂಳು ಅಂದರೆ ಬೈಗುಳ ಅಲ್ವಾ? ತುಂಗಭದ್ರಾ ಡ್ಯಾಮ್ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ 105ರ ಆಸುಪಾಸು. ಉಳಿದ ಜಾಗದಲ್ಲೆಲ್ಲ ಹೂಳು ಕೂತಿದೆ. ಎರಡನೇ ಬೆಳೆಗೆ ನೀರಿಲ್ಲ ಅಂದಾಗಲೆಲ್ಲ ನೀವು ಮುನಿರಾಬಾದ್ ಕಡೆ ಕೈ ತೋರಿಸಿ ಬೈಯುತ್ತೀರಿ. ಇಲ್ಲಿ ಅದೇ ಹೂಳಿಗೆ ಜನ ಬಾಯಿ ಬಿಡುತ್ತಿದ್ದಾರೆ.

ನಾವು ಹೋದದ್ದು ಲೋವರ್ ನೈನ್ತ್ ವಾರ್ಡ್ ಅನ್ನೋ ಬಡಾವಣೆ ಹತ್ತಿರದ ಜೌಗಿಗೆ. ಮೊದಲು ಅಲ್ಲಿ ಸೈಪ್ರಸ್ ಮರಗಳ ಕಾಡಿತ್ತು. 1960ರ ದಶಕದಲ್ಲಿ ಹಡಗಿಗಾಗಿ ಒಂದು ಕಾಲುವೆ ತೋಡಿದರು, ಅದರೊಳಗಿಂದ ಉಪ್ಪುನೀರು ಬಂದು ಕಾಡು ಸತ್ತಿತು. ಬೋಳು ಬೊಡ್ಡೆಗಳು ಇನ್ನೂ ನೀರಲ್ಲಿ ನಿಂತಿವೆ. ಕತ್ರಿನಾ ಆದಮೇಲೆ, 2009ರಲ್ಲಿ, ಕಾಲುವೆಗೆ ಅಡ್ಡ ಬಂಡೆ ತುಂಬಿ ಮುಚ್ಚಿದರು. ಈಗ ಉಪ್ಪು ಇಳಿದಿದೆ, ಸಸಿ ಬದುಕುತ್ತವೆ. ಮರ ಇದ್ದರೆ ಚಂಡಮಾರುತದ ಅಲೆ ಊರು ಮುಟ್ಟೋ ಮೊದಲೇ ಸ್ವಲ್ಪ ಸುಸ್ತಾಗುತ್ತದೆ ಅನ್ನೋದು ಲೆಕ್ಕ.

ಕೆಲಸ ಸುಲಭ ಅಂತ ಕಾಣುತ್ತೆ. ಸನಿಕೆಯಿಂದ ಕೆಸರು ಸೀಳಬೇಕು, ಬೇರು ಇಳಿಸಬೇಕು, ಹಿಮ್ಮಡಿಯಿಂದ ಒತ್ತಬೇಕು, ಪಕ್ಕಕ್ಕೊಂದು ಕೋಲು ಊರಿ ಸಸಿಗೆ ಪ್ಲಾಸ್ಟಿಕ್ ಕೊಳವೆ ತೊಡಿಸಬೇಕು. ಮೂರನೇ ಸಸಿಗೇ ನನ್ನ ಬಲಗಾಲು ಹೂತಿತು. ಎಳೆದೆ. ಕಾಲು ಬಂತು, ಬೂಟು ಬರಲಿಲ್ಲ. ಅವರು ಕೊಟ್ಟ ಬೂಟು ನನಗೆ ಎರಡು ನಂಬರ್ ದೊಡ್ಡದು. ಒಂಟಿಗಾಲಲ್ಲಿ ಕೊಕ್ಕರೆ ಥರ ನಿಂತು, ಆಮೇಲೆ ಹಿಂದಕ್ಕೆ ಕೂತೇಬಿಟ್ಟೆ. ಕೊಳೆತ ಮೊಟ್ಟೆಯ ವಾಸನೆ! ಮೂರು ಸಲ ಸ್ನಾನ ಮಾಡಿದರೂ ಹೋಗಲಿಲ್ಲ.

ಪಕ್ಕದ ಸಾಲಿನಲ್ಲಿ ನೆಡುತ್ತಿದ್ದ ಮುದುಕರೊಬ್ಬರು ಬಂದು ಎಬ್ಬಿಸಿದರು. ಎಪ್ಪತ್ತು ದಾಟಿರಬೇಕು, ಅದೇ ಬಡಾವಣೆಯವರು. ಕಾಲನ್ನು ಮೇಲಕ್ಕೆ ಜಗ್ಗಬಾರದಂತೆ. ಮೊದಲು ಹಿಮ್ಮಡಿ ಅಲುಗಾಡಿಸಿ ಗಾಳಿ ಬಿಡಬೇಕು, ಆಮೇಲೆ ಎತ್ತಬೇಕು. ಗದ್ದೆಯಲ್ಲಿ ಎತ್ತು ಸಿಕ್ಕಿಬಿದ್ದಾಗ ನೀವು ಇದನ್ನೇ ಹೇಳುತ್ತಿದ್ದಿರಿ. ಅವರ ಮನೆ 2005ರಲ್ಲಿ ಹೋಯಿತಂತೆ. ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಸಸಿಗೆ ತಿರುಗಿಬಿಟ್ಟರು. ನಾನು ನಮ್ಮ ಡ್ಯಾಮಿನ ಕಥೆ ಹೇಳಿದೆ. ತೆಗೆದು ಹಾಕೋಕೆ ಜಾಗ ಇಲ್ಲದಷ್ಟು ಹೂಳಿದೆ ಅಂದೆ. ನಾನು ಬಂಗಾರದ ಗಣಿ ಇದೆ ಅಂದೆನೇನೋ ಅನ್ನುವ ಹಾಗೆ ನೋಡಿದರು. "ಹಡಗಿಗೆ ತುಂಬಿ ಕಳಿಸಮ್ಮ" ಅಂತ ನಕ್ಕರು.

ಕೊಳವೆ ಯಾಕೆ ಅಂತೀರಾ? ನ್ಯೂಟ್ರಿಯಾ ಅಂತ ಒಂದು ಪ್ರಾಣಿ. ಹೆಗ್ಗಣವನ್ನು ಬೆಕ್ಕಿಗಿಂತ ದೊಡ್ಡದು ಮಾಡಿ, ಹಲ್ಲಿಗೆ ಕಿತ್ತಳೆ ಬಣ್ಣ ಬಳಿದರೆ ಹೇಗಿರುತ್ತೋ ಹಾಗೆ. ತುಪ್ಪಳಕ್ಕೆ ಅಂತ ದಕ್ಷಿಣ ಅಮೆರಿಕದಿಂದ ತಂದರು, ಈಗ ಜೌಗಿನ ಹುಲ್ಲನ್ನು ಬೇರುಸಮೇತ ತಿಂದು ಮುಗಿಸುತ್ತಿದೆ. ಒಂದು ಬಾಲ ತಂದುಕೊಟ್ಟರೆ ಸರ್ಕಾರ 6 ಡಾಲರ್ ಕೊಡುತ್ತೆ. ನನಗೆ ನೆನಪಾಗಿದ್ದು ಬಳ್ಳಾರಿ ಜಾಲಿ. ಅದೂ ಈ ಅಮೆರಿಕದ ಕಡೆಯದೇ, ಸೌದೆಗಾಯಿತು ಅಂತ ಬಂದು ನಮ್ಮ ಹಳ್ಳವನ್ನೇ ನುಂಗಿತು. ಪಾಪ, ಬಳ್ಳಾರಿಗೆ ಸುಮ್ನೆ ಕೆಟ್ಟ ಹೆಸರು.

ಇನ್ನೊಂದು ಮಜಾ. ಕ್ರಿಸ್‌ಮಸ್ ಮುಗಿದ ಮೇಲೆ ಮನೆ ಮುಂದೆ ಎಸೆದ ಗಿಡಗಳನ್ನು ಒಟ್ಟು ಮಾಡಿ, ಕಟ್ಟು ಕಟ್ಟಿ, ಸೇನೆಯ ಹೆಲಿಕಾಪ್ಟರಿನಿಂದ ಜೌಗಿಗೆ ಇಳಿಸುತ್ತಾರೆ. ಅಲೆ ತಗ್ಗಿ, ಕಟ್ಟಿನ ಹಿಂದೆ ಚೂರು ಹೂಳು ನಿಲ್ಲುತ್ತದೆ, ಅಲ್ಲಿ ಹುಲ್ಲು ಬರುತ್ತದೆ. ಚೂರು ಹೂಳಿಗೆ ಹೆಲಿಕಾಪ್ಟರ್!

ಅವ್ವ, ಊಟ ಕೇಳುತ್ತೀ ಅಂತ ಗೊತ್ತು. ಇಲ್ಲಿ ಸೋಮವಾರ ಅಂದರೆ ಕೆಂಪು ಕಾಳು, ಅನ್ನ. ಹಿಂದೆ ಸೋಮವಾರ ಬಟ್ಟೆ ಒಗೆಯೋ ದಿನವಂತೆ. ಒಲೆ ಮೇಲೆ ಕಾಳು ಇಟ್ಟು ಒಗೆಯೋಕೆ ಹೋದರೆ ಸಂಜೆಗೆ ಬೆಂದಿರುತ್ತಿತ್ತು. ಮಾಂಸ ಹಾಕದ್ದು ಹುಡುಕಿಕೊಂಡು ತಿಂದೆ. ನೀನು ಕಟ್ಟಿದ ಶೇಂಗಾ ಚಟ್ನಿ ಉದುರಿಸಿಕೊಂಡ ಮೇಲೆ ರುಚಿಯಾಯಿತು. ಕಡಕ್ ರೊಟ್ಟಿ ಸೂಟ್‌ಕೇಸಲ್ಲಿ ಪುಡಿಪುಡಿ, ಪುಡಿಯನ್ನೂ ಬಿಡಲಿಲ್ಲ.

ಒಂದು ಮಾತು ಫೋನಿನಲ್ಲಿ ಹೇಳೋಕೆ ಆಗುತ್ತಿರಲಿಲ್ಲ. 2019ರಲ್ಲಿ ಗವಿಮಠದ ಸ್ವಾಮಿಗಳು ಹಿರೇಹಳ್ಳ ಸ್ವಚ್ಛ ಮಾಡಿಸೋಕೆ ನಿಂತಾಗ, ತಾವೇ ಹಳ್ಳಕ್ಕೆ ಇಳಿದಾಗ, ನೀವು ಫೋನ್ ಮಾಡಿದ್ದಿರಿ. "ಇಂಜಿನಿಯರ್ ಅದೀ, ಎರಡು ದಿನ ಬಾ" ಅಂದಿದ್ದಿರಿ. ಆಫೀಸಲ್ಲಿ ರಜೆ ಇಲ್ಲ ಅಂದೆ. ರಜೆ ಇತ್ತು ಅಪ್ಪ. ಜೆಸಿಬಿ ಇದ್ದ ಮೇಲೆ ನಾನು ಬಂದು ಏನು ಮಾಡಲಿ ಅಂತ ಸೋಮಾರಿತನ. ಅವ್ವ ದಿನಾ ರೊಟ್ಟಿ ಬಡಿದು ಬುತ್ತಿ ಕಳಿಸಿದಳು. ನೀವು ಟ್ರ್ಯಾಕ್ಟರಿನಲ್ಲಿ ಹೂಳು ತಂದು ಮಸಾರಿ ಹೊಲಕ್ಕೆ ಹರವಿದಿರಿ. ಡೀಸೆಲ್ ದಂಡ ಅಂತ ನಾನು ದೊಡ್ಡ ತಿಳಿದವಳ ಹಾಗೆ ಹೇಳಿದೆ. "ಭೂಮಿಗೆ ಉಣ್ಣಾಕ ಹಾಕಾಕತ್ತೀನಿ" ಅಂದಿರಿ. ಕೆಸರಲ್ಲಿ ಕೂತಿದ್ದಾಗ ಅದೇ ನೆನಪು.

ಆ ಹೊಲದಲ್ಲಿ ಈ ಸಲ ಏನಿದೆ? ಯರೆ ಹೊಲದ ಕಡಲೆಗೆ ಹೂ ಬಂತಾ? ತಮ್ಮನಿಗೆ ಹೇಳಿ ಎರಡು ಫೋಟೊ ಕಳಿಸಿ.

ಜನವರಿಯಲ್ಲಿ ಗವಿಮಠದ ಜಾತ್ರೆಗೆ ಬರುತ್ತೇನೆ. ತೇರು ಆದಮೇಲೆ ಮೂರು ದಿನ ಜಾಸ್ತಿ ರಜೆ ಬರೆದಿದ್ದೇನೆ, ಈ ಸಲ ನಿಜವಾಗಿಯೂ. ಹಳ್ಳದಲ್ಲಿ ಮತ್ತೆ ಜಾಲಿ ಎದ್ದಿದೆ ಅಂದಿದ್ದಿರಲ್ಲ, ನಮ್ಮ ಹೊಲದ ಅಂಚಿನದ್ದಾದರೂ ಕಡಿಯೋಣ. ಬರಿಗಾಲಲ್ಲೇ ಇಳಿಯುತ್ತೇನೆ ಅಂತ ಬರೆಯಬೇಕು ಅಂದುಕೊಂಡೆ, ಆದರೆ ಜಾಲಿ ಮುಳ್ಳು ನೆನಪಾಯಿತು. ಒಂದು ಜೊತೆ ಬೂಟು ತಂದಿಡಿ. ಐದನೇ ನಂಬರ್. ದೊಡ್ಡದು ಬೇಡ.

ನಿಮ್ಮ ಮಗಳು